ಹನ್ನೊಂದು ಲೀಟರಿನ ಕ್ಯಾಬಿನೆಟ್: ಪುಟ್ಟ ಡೆಸ್ಕ್‌ಟಾಪಿಗೆ ಒಳವಿನ್ಯಾಸ ಮಾಡುವ ಬಗೆ

ಮೇಜಿನ ಕೆಳಗೆ ನಿಲ್ಲಿಸುವ ಕಂಪ್ಯೂಟರಿನ ಮಾಮೂಲಿ ಟವರ್ ಕ್ಯಾಬಿನೆಟ್ಟಿನ ಗಾತ್ರ ನಲವತ್ತು, ಐವತ್ತು ಲೀಟರಿನಷ್ಟಿರುತ್ತದೆ. ಅಷ್ಟು ಜಾಗವಿರುವಾಗ ತಂತಿಗಳನ್ನು ಎಲ್ಲಿ ತುರುಕಿದರೂ ಗಾಳಿ ಹೇಗೋ ತನ್ನ ದಾರಿ ಮಾಡಿಕೊಳ್ಳುತ್ತದೆ. ಎಲ್ಲ ಭಾಗಗಳಿಗೂ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಒಂದೆರಡು ನೂಲು ಆಚೀಚೆಯಾದರೂ ಏನೂ ಕೆಡುವುದಿಲ್ಲ. ಅದೇ ಶಕ್ತಿಯ ಯಂತ್ರವನ್ನು ಹನ್ನೊಂದು ಲೀಟರಿನ ಪೆಟ್ಟಿಗೆಗೆ ಇಳಿಸಲು ಹೊರಟಾಗ ಒಂದೊಂದು ಮಿಲಿಮೀಟರಿಗೂ ಲೆಕ್ಕ ಇಡಬೇಕಾಗುತ್ತದೆ. ಇಂತಹ ಎರಡು ಕ್ಯಾಬಿನೆಟ್‌ಗಳನ್ನು ನಾನೇ ನಕ್ಷೆ ಬರೆದು, ತಗಡಿನಲ್ಲಿ ಮಾಡಿಸಿ, ಮೊದಲನೆಯದನ್ನು ಕೆಡಿಸಿ ಎರಡನೆಯದನ್ನು ಸರಿಪಡಿಸಿಕೊಂಡ ಅನುಭವದಿಂದ ಈ ಬರಹವನ್ನು ಬರೆಯುತ್ತಿದ್ದೇನೆ. ಭಾಗಗಳ ಅಳತೆಗಳು ಎಲ್ಲರಿಗೂ ಸಿಗುತ್ತವೆ. ಆದರೆ ತಂತಿ ಬಾಗುವುದಕ್ಕೆ, ಗಾಳಿ ಸಾಗುವುದಕ್ಕೆ, ಬೆರಳು ಒಳಗೆ ಹೋಗುವುದಕ್ಕೆ ಬೇಕಾದ ಖಾಲಿ ಜಾಗದ ಅಳತೆಯನ್ನು ಯಾರೂ ಬರೆದು ಕೊಡುವುದಿಲ್ಲ. ನಕ್ಷೆಯಲ್ಲಿ ಮೊದಲು ಗುರುತಾಗಬೇಕಾದದ್ದು ಆ ಖಾಲಿ ಜಾಗ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭಾಗಗಳನ್ನು ಮೊದಲು ನಿಶ್ಚಯಿಸುವುದು

ಪೆಟ್ಟಿಗೆಯನ್ನು ಮೊದಲು ಬರೆದು ಆಮೇಲೆ ಅದರೊಳಗೆ ಹಿಡಿಸುವ ಭಾಗಗಳನ್ನು ಹುಡುಕುವುದು ತಲೆಕೆಳಗಾದ ಕ್ರಮ. ಸಣ್ಣ ಯಂತ್ರಗಳಿಗೆ ಇಂದು ಎಲ್ಲೆಡೆ ಬಳಕೆಯಲ್ಲಿರುವ ಮದರ್‌ಬೋರ್ಡ್ ಅಳತೆ ಮಿನಿ ಐಟಿಎಕ್ಸ್. ತೈವಾನಿನ ವಿಯಾ ಟೆಕ್ನಾಲಜೀಸ್ ಸಂಸ್ಥೆ 2001ರಲ್ಲಿ ಮುಂದಿಟ್ಟ ಈ ಮಾದರಿಯಲ್ಲಿ ಬೋರ್ಡಿನ ಉದ್ದ ಮತ್ತು ಅಗಲ ಎರಡೂ 170 ಮಿ.ಮೀ. ಮಾತ್ರ. ಹೋಲಿಕೆಗೆ ಹೇಳುವುದಾದರೆ ಪೂರ್ಣ ಗಾತ್ರದ ಎಟಿಎಕ್ಸ್ ಬೋರ್ಡು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲವಿರುತ್ತದೆ. ಎಸ್‌ಎಂಪಿಎಸ್ ವಿಷಯದಲ್ಲಿ ಎಸ್‌ಎಫ್‌ಎಕ್ಸ್ ಮಾದರಿಯನ್ನು ಆರಿಸಿಕೊಳ್ಳುವುದು ಉತ್ತಮ. ಅದು 125 ಮಿ.ಮೀ. ಅಗಲ, 100 ಮಿ.ಮೀ. ಉದ್ದ, 63.5 ಮಿ.ಮೀ. ದಪ್ಪವಿದ್ದು, ತಂತಿಗಳನ್ನು ಬೇಕಾದಷ್ಟೇ ಸಿಕ್ಕಿಸಿಕೊಳ್ಳಬಹುದಾದ ಮಾಡ್ಯುಲರ್ ರೂಪದಲ್ಲಿ ದೊರೆಯುತ್ತದೆ. ಬೇಡದ ತಂತಿಯನ್ನು ಮಡಚಿ ಬಚ್ಚಿಡಲು ಈ ಪೆಟ್ಟಿಗೆಯಲ್ಲಿ ಮೂಲೆಯೇ ಇರುವುದಿಲ್ಲವಾದ್ದರಿಂದ ಮಾಡ್ಯುಲರ್ ಅಲ್ಲದ ಎಸ್‌ಎಂಪಿಎಸ್ ಅನ್ನು ಅಗ್ಗವೆಂದು ತಂದರೆ ಆಮೇಲೆ ಪರಿತಪಿಸಬೇಕಾಗುತ್ತದೆ.

ಗ್ರಾಫಿಕ್ಸ್ ಕಾರ್ಡನ್ನು ಆರಿಸುವಾಗ ಅದರ ಉದ್ದವನ್ನಷ್ಟೇ ನೋಡುವ ರೂಢಿ ನಮ್ಮಲ್ಲಿದೆ. ಉದ್ದದ ಜೊತೆಗೆ ದಪ್ಪವನ್ನೂ ಎತ್ತರವನ್ನೂ ನೋಡಬೇಕು. ಕಾರ್ಡನ್ನು ಚುಚ್ಚುವ ಸೀಳು, ಅಂದರೆ ಸ್ಲಾಟ್, ಒಂದರಿಂದ ಇನ್ನೊಂದಕ್ಕಿರುವ ಅಂತರ 20.32 ಮಿ.ಮೀ.; ಎರಡು ಸ್ಲಾಟಿನ ಕಾರ್ಡು ಎಂದರೆ ಸುಮಾರು 40 ಮಿ.ಮೀ., ಎರಡೂವರೆ ಸ್ಲಾಟ್ ಎಂದರೆ 50 ಮಿ.ಮೀ. ಎಂದು ಲೆಕ್ಕ ಹಿಡಿಯಬೇಕು. ಇಲ್ಲಿ ನಾನು ಉದಾಹರಣೆಗೆ ತೆಗೆದುಕೊಳ್ಳುವುದು 50 ಮಿ.ಮೀ. ದಪ್ಪ, 130 ಮಿ.ಮೀ. ಎತ್ತರ, 300 ಮಿ.ಮೀ. ಮೀರದ ಉದ್ದವಿರುವ, ಸುಮಾರು 200 ವ್ಯಾಟ್ ಬಳಸುವ ಕಾರ್ಡು. ಜೊತೆಗೆ 65 ವ್ಯಾಟ್ ದರ್ಜೆಯ ಪ್ರೊಸೆಸರ್ ಮತ್ತು ಅದನ್ನು ತಣಿಸಲು 70 ಮಿ.ಮೀ. ಎತ್ತರದ ಕೂಲರ್. ನಾಕ್ಟುವಾ ಕಂಪನಿಯ ಎನ್‌ಎಚ್-ಎಲ್12ಎಸ್ ಇದೇ ಎತ್ತರದ್ದು. ಇನ್ನೂ ತೆಳ್ಳಗೆ ಬೇಕೆಂದರೆ 37 ಮಿ.ಮೀ. ಎತ್ತರದ ಎನ್‌ಎಚ್-ಎಲ್9ಐ, ಎನ್‌ಎಚ್-ಎಲ್9ಎ ಮಾದರಿಗಳಿವೆ. ಆದರೆ ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಕೋಣೆಯೊಳಗಿನ ಗಾಳಿಯೇ ಕಾದಿರುವಾಗ ಅಷ್ಟು ಸಣ್ಣ ಕೂಲರನ್ನು ನೆಚ್ಚಿಕೊಳ್ಳುವುದು ಜಾಣತನವಲ್ಲ. ಕೋಣೆಯ ಉಷ್ಣತೆ ಎಷ್ಟು ಡಿಗ್ರಿ ಏರುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಪ್ರೊಸೆಸರಿನ ಉಷ್ಣತೆಯೂ ಏರುತ್ತದೆ ಎಂಬುದನ್ನು ಮರೆಯಬಾರದು.

ಜೋಡಣೆಯ ಕ್ರಮ

ಇಷ್ಟು ಭಾಗಗಳನ್ನು ಪೆಟ್ಟಿಗೆಯೊಳಗೆ ಜೋಡಿಸುವ ಬಗೆಗಳು ಹಲವು. ಬೋರ್ಡಿನ ಸ್ಲಾಟಿಗೆ ಕಾರ್ಡನ್ನು ನೇರವಾಗಿ ಚುಚ್ಚುವ ಹಳೆಯ ಪದ್ಧತಿಯಲ್ಲಿ ಕೆಲಸ ಸುಲಭ, ಆದರೆ ಗಾತ್ರ ಬೆಳೆಯುತ್ತದೆ. ಕೂಲರ್ ಮಾಸ್ಟರ್‌ನ ಎನ್‌ಆರ್200 ಈ ಬಗೆಯದು, ಅದರ ಗಾತ್ರ 18.25 ಲೀಟರ್. ಇನ್ನೊಂದು ಬಗೆಯಲ್ಲಿ ಪೆಟ್ಟಿಗೆಯ ನಡುವೆ ಒಂದು ತಗಡಿನ ಗೋಡೆ ನಿಲ್ಲಿಸಿ, ಅದರ ಒಂದು ಬದಿಗೆ ಬೋರ್ಡನ್ನೂ ಇನ್ನೊಂದು ಬದಿಗೆ ಕಾರ್ಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಇವೆರಡರ ನಡುವೆ ಬೋರ್ಡಿನ ಸ್ಲಾಟನ್ನು ಕಾರ್ಡಿನವರೆಗೆ ಚಾಚುವ ರೈಸರ್ ಕೇಬಲ್ ಎಳೆಯಲಾಗುತ್ತದೆ. 7.2 ಲೀಟರಿನ ಡ್ಯಾನ್ ಎ4-ಎಸ್‌ಎಫ್‌ಎಕ್ಸ್ ಈ ಕ್ರಮಕ್ಕೆ ಹೆಸರಾದ ಕ್ಯಾಬಿನೆಟ್. ನಾನು ಎರಡನೆಯ ಬಗೆಯನ್ನೇ ಮೆಚ್ಚುತ್ತೇನೆ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ತಂತಮ್ಮ ಪಕ್ಕದ ಜಾಲರಿಯಿಂದ ಹೊರಗಿನ ತಣ್ಣನೆಯ ಗಾಳಿಯನ್ನು ನೇರವಾಗಿ ಎಳೆದುಕೊಳ್ಳುತ್ತವೆ; ಒಂದರ ಬಿಸಿಯುಸಿರನ್ನು ಇನ್ನೊಂದು ಕುಡಿಯುವ ಪ್ರಮೇಯ ಬರುವುದಿಲ್ಲ.

ಒಳವಿನ್ಯಾಸ ಕಲಿಯುವವರು ಆ್ಯಪಲ್ ಸಂಸ್ಥೆಯ 2000ನೇ ಇಸವಿಯ ಪವರ್ ಮ್ಯಾಕ್ ಜಿ4 ಕ್ಯೂಬಿನ ಚಿತ್ರಗಳನ್ನು ಒಮ್ಮೆಯಾದರೂ ಗಮನವಿಟ್ಟು ನೋಡಬೇಕು. ಆ ಯಂತ್ರ ತಣಿಯಲು ಫ್ಯಾನನ್ನು ಅವಲಂಬಿಸಿರಲಿಲ್ಲ. ಕೆಳಗಿನಿಂದ ಒಳಹೊಕ್ಕ ಗಾಳಿ ಕಾದು ಹಗುರಾಗಿ, ಶಾಖ ಹೀರುವ ನಡುವಿನ ಲೋಹದ ಹೀಟ್‌ಸಿಂಕನ್ನು ಸವರಿಕೊಂಡು, ಒಲೆಯ ಹೊಗೆಗೂಡಿನಲ್ಲಿ ಹೊಗೆ ಏರುವಂತೆ ಮೇಲಿನ ಕಿಂಡಿಯಿಂದ ಹೊರಹೋಗುತ್ತಿತ್ತು. ರಿಪೇರಿಗೆಂದು ಯಂತ್ರವನ್ನು ಬೋರಲು ಹಾಕಿ ಒಂದು ಹಿಡಿಯನ್ನು ಎಳೆದರೆ ಇಡೀ ಒಡಲು ಹೊರಗೆ ಜಾರಿ ಬರುತ್ತಿತ್ತು. ಅದು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. 2001ರ ಜುಲೈನಲ್ಲೇ ತಯಾರಿಕೆಯನ್ನು ನಿಲ್ಲಿಸಲಾಯಿತು. ಹಾಗಿದ್ದರೂ ಗಾಳಿಯ ದಾರಿ ಮತ್ತು ಕೈಯ ದಾರಿ ಎರಡನ್ನೂ ಮೊದಲೇ ಯೋಚಿಸಿ ಮಾಡಿದ ಪೆಟ್ಟಿಗೆ ಹೇಗಿರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ನಮ್ಮ ಪೆಟ್ಟಿಗೆಯಲ್ಲಿಯೂ ಬಿಸಿಗಾಳಿ ಮೇಲಕ್ಕೇ ಹೋಗಲಿ, ಫ್ಯಾನುಗಳು ಅದಕ್ಕೆ ನೆರವಾಗಲಿ ಎಂಬುದು ಮುಂದಿನ ಎಲ್ಲ ಲೆಕ್ಕದ ಆಧಾರ.

ಅಗಲವನ್ನು ಕೂಡಿಸುವುದು

ಬೆನ್ನಿಗೆ ಬೆನ್ನು ಕೊಟ್ಟ ಜೋಡಣೆಯಲ್ಲಿ ಅಗಲವೇ ಎಲ್ಲಕ್ಕಿಂತ ಬಿಗಿಯಾದ ಅಳತೆಯಾದ್ದರಿಂದ ಅದನ್ನು ಮೊದಲು ಕೂಡಿಸಬೇಕು. ಕಾರ್ಡಿನ ಪಕ್ಕದಿಂದ ಹೊರಡೋಣ. ಪಕ್ಕದ ತಗಡು 1.5 ಮಿ.ಮೀ.; ಕಾರ್ಡಿನ ಫ್ಯಾನಿಗೂ ತಗಡಿಗೂ ನಡುವೆ 6 ಮಿ.ಮೀ.; ಕಾರ್ಡು 50; ಕಾರ್ಡಿನ ಬೆನ್ನಿಗೂ ನಡುಗೋಡೆಗೂ ನಡುವೆ 4; ನಡುಗೋಡೆಯ ತಗಡು 1.5, ಬೋರ್ಡನ್ನು ಎತ್ತಿ ಹಿಡಿಯುವ ಸ್ಟ್ಯಾಂಡಾಫ್ 6.5, ಬೋರ್ಡಿನ ದಪ್ಪ 1.6. ಇಲ್ಲಿಂದ ಮುಂದೆ ಹೊಸಬರು ಎಡವುವ ಒಂದು ಹೆಜ್ಜೆಯಿದೆ. ಕೂಲರಿನ ಪೆಟ್ಟಿಗೆಯ ಮೇಲೆ 70 ಮಿ.ಮೀ. ಎಂದು ಬರೆದಿರುವುದು ಪ್ರೊಸೆಸರಿನ ನೆತ್ತಿಯಿಂದ ಮೇಲಿನ ಎತ್ತರವನ್ನು. ಪ್ರೊಸೆಸರಿನ ನೆತ್ತಿಯಾದರೋ ಸಾಕೆಟ್ಟೂ ಸೇರಿ ಬೋರ್ಡಿನ ಮೇಲ್ಮೈಯಿಂದ ಏಳೆಂಟು ಮಿಲಿಮೀಟರ್ ಮೇಲಿರುತ್ತದೆ. ಈ 8 ಮಿ.ಮೀ. ಅನ್ನು ಲೆಕ್ಕಕ್ಕೆ ಹಿಡಿಯದೆ ತಗಡು ಕತ್ತರಿಸಿದರೆ ಪಕ್ಕದ ಬಾಗಿಲು ಮುಚ್ಚುವುದೇ ಇಲ್ಲ. ಹಾಗಾಗಿ ಪ್ರೊಸೆಸರಿಗೆ 8, ಕೂಲರಿಗೆ 70, ಕೂಲರಿನ ಫ್ಯಾನಿಗೂ ಜಾಲರಿಗೂ ನಡುವೆ 4, ಕೊನೆಯ ತಗಡು 1.5. ಎಲ್ಲ ಸೇರಿ 154.6 ಮಿ.ಮೀ.; ಇದನ್ನು 155 ಎಂದು ನಿಗದಿ ಮಾಡಿಕೊಳ್ಳಬಹುದು.

ಬೋರ್ಡಿನ ಹಿಂಬದಿಯಲ್ಲಿ ಎರಡನೆಯ ಎಂ.2 ಎಸ್‌ಎಸ್‌ಡಿಗೆ (ಮಾಹಿತಿ ಉಳಿಸಿಡುವ ತೆಳು ಪಟ್ಟಿಗೆ) ಜಾಗವಿದ್ದರೆ, ಅದರ ಎದುರಿಗೆ ನಡುಗೋಡೆಯಲ್ಲಿ ಒಂದು ಕಿಂಡಿ ಬಿಡಬೇಕು. ಎಸ್‌ಎಸ್‌ಡಿ ಸ್ವತಃ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಮಾತ್ರವಾದರೂ ಕಿಂಡಿ 40ಕ್ಕೆ 100 ಇದ್ದರೆ ಬೋರ್ಡನ್ನು ಬಿಚ್ಚದೆಯೇ ಅದನ್ನು ಬದಲಿಸಬಹುದು. ಕೂಲರಿನ ಹಿಂದಿನ ಪಟ್ಟಿ ಬರುವ ಜಾಗಕ್ಕೂ ಇಂತಹದೇ ಕಿಂಡಿ ಬೇಕು. ರ‍್ಯಾಮ್ ಆರಿಸುವಾಗ ಮೇಲೆ ಅಲಂಕಾರದ ಕಿರೀಟವಿಲ್ಲದ, 31 ಮಿ.ಮೀ. ಆಸುಪಾಸಿನ ಎತ್ತರದ್ದನ್ನೇ ಕೊಳ್ಳಬೇಕು. ಇಲ್ಲವಾದರೆ ಕೂಲರಿನ ರೆಕ್ಕೆಗಳಿಗೆ ತಾಗುತ್ತದೆ.

ಉದ್ದ, ಎತ್ತರ ಮತ್ತು ತಂತಿಯ ಬಾಗು

ಬೋರ್ಡಿನ ಬದಿಯಲ್ಲಿ ಹಿಂದಿನಿಂದ ಮುಂದಕ್ಕೆ ಬೋರ್ಡು 170, ತಂತಿಗಳಿಗೆ 30, ಎಸ್‌ಎಂಪಿಎಸ್ 100 ಮಿ.ಮೀ. ಬರುತ್ತದೆ. ಎಸ್‌ಎಂಪಿಎಸ್‌ನ ತಂತಿ ಸಿಕ್ಕಿಸುವ ಮುಖ ಬೋರ್ಡಿನ ಕಡೆಗೂ ಕರೆಂಟಿನ ಸಾಕೆಟ್ಟು ಮುಂಭಾಗದ ಕಡೆಗೂ ತಿರುಗಿರುವುದರಿಂದ, ಪೆಟ್ಟಿಗೆಯ ಹಿಂಭಾಗದಿಂದ ಅಲ್ಲಿಯವರೆಗೆ ಒಂದು ಒಳ ಕೇಬಲ್ ಎಳೆಯಬೇಕು. ಅದರ ಪ್ಲಗ್ಗಿಗೆ 25 ಮಿ.ಮೀ. ಬಿಡಬೇಕು. ಎರಡು ತುದಿಯ ತಗಡೂ ಸ್ವಲ್ಪ ಸಡಿಲವೂ ಸೇರಿ ಒಟ್ಟು 330 ಮಿ.ಮೀ. ಆಗುತ್ತದೆ. ಈ ಒಳ ಕೇಬಲ್ ಹೊರುವುದು 230 ವೋಲ್ಟ್ ವಿದ್ಯುತ್ತನ್ನಾದ್ದರಿಂದ ಅದನ್ನು ಸಿದ್ಧ ರೂಪದಲ್ಲೇ ಕೊಳ್ಳಬೇಕು, ಮನೆಯಲ್ಲಿ ಬೆಸುಗೆ ಹಾಕಿ ಮಾಡಬಾರದು. ಎಸ್‌ಎಂಪಿಎಸ್‌ನ ಮುಚ್ಚಳವನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ಎತ್ತರದ ಲೆಕ್ಕದಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅದು ಬೆಂಕಿಗೂ ದಾರಿಯಾಗಬಹುದಾದ ತಪ್ಪು. ಮೊದಲ ಕ್ಯಾಬಿನೆಟ್ಟಿನಲ್ಲಿ ಕಾರ್ಡಿನ ಎತ್ತರವನ್ನು ಅಳೆದು, ಅದರ ತಲೆಯ ಮೇಲೆ ಪವರ್ ಪ್ಲಗ್ಗಿಗೆಂದು 12 ಮಿ.ಮೀ. ಬಿಟ್ಟಿದ್ದೆ. ಪ್ಲಗ್ಗೇನೋ ಕೂತಿತು. ಆದರೆ ಅದರಿಂದ ಹೊರಟ ದಪ್ಪ ತಂತಿಗಳ ಗೊಂಚಲು ಪ್ಲಗ್ಗಿನ ಬುಡದಲ್ಲೇ ಮುರಿದಂತೆ ಬಾಗಬೇಕಾಯಿತು. ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡೇ ಸ್ಕ್ರೂ ಬಿಗಿದೆ. ಕೆಲವು ದಿನಗಳ ನಂತರ ಭಾರದ ಕೆಲಸ ಕೊಟ್ಟಾಗಲೆಲ್ಲ ಪರದೆ ಕಪ್ಪಾಗತೊಡಗಿತು. ಬಿಚ್ಚಿ ನೋಡಿದರೆ 16 ಪಿನ್ನಿನ ಆ ಪ್ಲಗ್ಗಿನ ಒಂದು ಕೊನೆ ಉಗುರಿನ ದಪ್ಪದಷ್ಟು ಮೇಲೆದ್ದಿತ್ತು, ಆ ಕೊನೆಯ ಪಿನ್ನಿನ ಸುತ್ತ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿತ್ತು. 2022ರ ಎಟಿಎಕ್ಸ್ 3.0 ಮಾನದಂಡದೊಂದಿಗೆ ಬಂದ ಈ ಪ್ಲಗ್ಗು ಪೂರ್ತಿ ಒಳಗೆ ಕೂರದಿದ್ದರೆ ಸಂಪರ್ಕ ಸಡಿಲವಾಗಿ ಪಿನ್ನುಗಳು ಕಾಯುತ್ತವೆ. ಪ್ಲಗ್ಗಿನಿಂದ ಹೊರಟ ತಂತಿ ಮೊದಲ 35 ಮಿ.ಮೀ. ವರೆಗೆ ನೇರವಾಗಿ ಸಾಗಿ ಆಮೇಲೆ ಬಾಗಬೇಕು ಎಂಬುದು ತಿಳಿದವರ ಕಿವಿಮಾತು. ಆ 35 ಮಿ.ಮೀ. ನಕ್ಷೆಯಲ್ಲಿ ಒಂದು ಭಾಗವೆಂಬಂತೆಯೇ ಇರಬೇಕು.

ಆದ್ದರಿಂದ ಎರಡನೆಯ ಕ್ಯಾಬಿನೆಟ್ಟಿನಲ್ಲಿ ಕಾರ್ಡಿನ ಬದಿಯ ಎತ್ತರ ಹೀಗಾಯಿತು: ಕೆಳಗೆ ರೈಸರಿನ ಸ್ಲಾಟಿಗೆ 20, ಕಾರ್ಡಿಗೆ 130, ತಂತಿಯ ಬಾಗಿಗೆ 35, ಮೇಲಿನ ಫ್ಯಾನುಗಳಿಗೆ 25, ಒಟ್ಟು 210 ಮಿ.ಮೀ. ಬೋರ್ಡಿನ ಬದಿಯಲ್ಲಿ ಬೋರ್ಡು 170, ಅದರ ಕೆಳಗೆ ರೈಸರ್ ತಿರುಗಲು 17, ಮೇಲೆ ಫ್ಯಾನು 25, ಒಟ್ಟು 212. ಎರಡೂ ಬದಿಗಳು ಇಷ್ಟು ಹತ್ತಿರ ಬಂದದ್ದು ನನಗೆ ತುಂಬ ಸಮಾಧಾನ ಕೊಟ್ಟ ಗಳಿಗೆ. ತಗಡು ಸೇರಿ ಹೊರ ಎತ್ತರ 215 ಮಿ.ಮೀ.; ಮೂರೂ ಅಳತೆಗಳನ್ನು ಗುಣಿಸಿದರೆ ಕಾಲುಗಳನ್ನು ಬಿಟ್ಟು 11 ಲೀಟರ್. ಮೇಲಿನ 120 ಮಿ.ಮೀ. ಫ್ಯಾನುಗಳು ಎರಡೂ ಬದಿಗೆ ಚಾಚಿಕೊಳ್ಳುವುದರಿಂದ ನಡುಗೋಡೆ ಅವುಗಳ ಕೆಳಗೇ ನಿಲ್ಲಬೇಕು. ಎಸ್‌ಎಂಪಿಎಸ್ 125 ಮಿ.ಮೀ. ಎತ್ತರವನ್ನಷ್ಟೇ ಬಳಸುವುದರಿಂದ ಅದರ ಕೆಳಗೆ ಉಳಿಯುವ ಜಾಗವೇ ತಂತಿಗಳ ಗೂಡು. ಅಲ್ಲಿಗೆ ಬೇರೆ ಯಾವ ಭಾಗವನ್ನೂ ಸೇರಿಸುವ ಆಸೆಪಡಬಾರದು.

ರೈಸರಿನ ಬಗ್ಗೆ ಒಂದು ಮಾತು: ಕಾರ್ಡಿಗೂ ಬೋರ್ಡಿಗೂ ನಡುವಿನ ಸಂಪರ್ಕದ ಮಾನದಂಡವಾದ ಪಿಸಿಐಇಯ 3.0 ಆವೃತ್ತಿಗೆ ಮಾಡಿದ ಹಳೆಯ ರೈಸರಿಗೆ 4.0 ಕಾರ್ಡನ್ನು ಸಿಕ್ಕಿಸಿದಾಗ ಪರದೆ ಮಿಣುಕುವುದು ಅಥವಾ ಯಂತ್ರ ಶುರುವೇ ಆಗದಿರುವುದು ಸಾಮಾನ್ಯ. ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ ಸ್ಲಾಟಿನ ವೇಗವನ್ನು 3.0ಕ್ಕೆ ಇಳಿಸಿದರೆ ಸರಿಹೋಗುತ್ತದೆ.

ರಟ್ಟಿನ ಮಾದರಿ

ನಕ್ಷೆ ಎಷ್ಟೇ ಚೊಕ್ಕವಾಗಿದ್ದರೂ ತಗಡಿಗೆ ಹೋಗುವ ಮೊದಲು ದಪ್ಪ ರಟ್ಟಿನಲ್ಲಿ ಇಡೀ ಪೆಟ್ಟಿಗೆಯನ್ನು ಕತ್ತರಿಸಿ, ಅಂಟುಪಟ್ಟಿಯಿಂದ ಜೋಡಿಸಿ ನೋಡಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಟ್ಟುಹೋದ ಬೋರ್ಡುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅಂತಹದೊಂದನ್ನು ತಂದರೆ ಹೊಸ ಬೋರ್ಡಿನ ಮೇಲೆ ಪ್ರಯೋಗ ಮಾಡುವ ಭಯವಿರುವುದಿಲ್ಲ. ಮಾದರಿಯಲ್ಲಿ ನಿಜವಾದ ತಂತಿಗಳನ್ನೇ ಬಳಸಬೇಕು, ಹಗ್ಗವನ್ನೋ ದಾರವನ್ನೋ ಅಲ್ಲ. ಬೋರ್ಡಿಗೆ ವಿದ್ಯುತ್ ಒಯ್ಯುವ 24 ಪಿನ್ನಿನ ತಂತಿಯ ಗಡಸುತನ ಕೈಗೆ ತಿಳಿಯುವುದು ಅದನ್ನು ಬಗ್ಗಿಸಿದಾಗಲೇ: ಬಿಟ್ಟ ಕೂಡಲೇ ಅದು ಹಿಂದಕ್ಕೆ ಸಿಡಿದು ರಟ್ಟಿನ ಗೋಡೆಯನ್ನು ಹೊರಕ್ಕೆ ಉಬ್ಬಿಸುತ್ತದೆ. ರಟ್ಟು ಉಬ್ಬಿದ ಕಡೆಯೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ ನಕ್ಷೆಯನ್ನು ತಿದ್ದಬೇಕು. ತಂತಿ ಉದ್ದವಾಗಿ ಸುರುಳಿಯಾಗುತ್ತಿದ್ದರೆ ನಿಮ್ಮ ಎಸ್‌ಎಂಪಿಎಸ್ ಮಾದರಿಗೆಂದೇ ಮಾಡಿದ ಗಿಡ್ಡ ತಂತಿಗಳನ್ನು ತರಿಸಿಕೊಳ್ಳಬೇಕು. ಬೇರೆ ಕಂಪನಿಯ ತಂತಿ ನೋಡಲು ಒಂದೇ ರೀತಿ ಇದ್ದರೂ ಎಸ್‌ಎಂಪಿಎಸ್ ತುದಿಯಲ್ಲಿ ಪಿನ್ನುಗಳ ಕ್ರಮ ಬೇರೆಯಿರಬಹುದು, ಹಾಗಿದ್ದರೆ ಬೋರ್ಡು ಸುಟ್ಟುಹೋಗುತ್ತದೆ.

ಇದೇ ಹಂತದಲ್ಲಿ ಕೈಯನ್ನೂ ಅಳೆಯಬೇಕು. ಪ್ರೊಸೆಸರಿನ 8 ಪಿನ್ನಿನ ಪ್ಲಗ್ಗು ಸಾಮಾನ್ಯವಾಗಿ ಬೋರ್ಡಿನ ಮೇಲಂಚಿನಲ್ಲಿರುತ್ತದೆ. ಕೂಲರ್ ಕೂರಿಸಿದ ಮೇಲೆ ಹೆಬ್ಬೆರಳು ಅಲ್ಲಿಗೆ ತಲುಪಿ ಅದರ ಕೊಂಡಿಯನ್ನು ಒತ್ತಲು ಆಗುತ್ತದೆಯೇ ಎಂದು ರಟ್ಟಿನ ಮಾದರಿಯಲ್ಲಿ ಮಾಡಿ ನೋಡಿದರೆ, ಯಾವ ಫಲಕ ಬಿಚ್ಚಿ ಬರಬೇಕು, ಯಾವುದು ಶಾಶ್ವತವಾಗಿ ಕೂರಬಹುದು ಎಂಬುದು ತಾನಾಗಿ ನಿರ್ಧಾರವಾಗುತ್ತದೆ.

ಗಾಳಿಯ ಲೆಕ್ಕ

ಯಂತ್ರ ನುಂಗುವ ವಿದ್ಯುತ್ತೆಲ್ಲ ಕಡೆಗೆ ಶಾಖವಾಗಿಯೇ ಹೊರಬರುತ್ತದೆ. 300 ವ್ಯಾಟ್ ಶಾಖವನ್ನು, ಒಳಗಿನ ಗಾಳಿ ಹೊರಗಿನದಕ್ಕಿಂತ 10 ಡಿಗ್ರಿಗಿಂತ ಹೆಚ್ಚು ಕಾಯದಂತೆ ಹೊರಹಾಕಬೇಕಾದರೆ ಸೆಕೆಂಡಿಗೆ ಸುಮಾರು 26 ಲೀಟರ್ ಗಾಳಿ ಸಾಗಬೇಕು. ಅಂದರೆ ಹನ್ನೊಂದು ಲೀಟರಿನ ಈ ಪೆಟ್ಟಿಗೆಯ ಗಾಳಿ ಪ್ರತಿ ಸೆಕೆಂಡಿಗೆ ಎರಡು ಸಲಕ್ಕಿಂತ ಹೆಚ್ಚು ಬದಲಾಗಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ತೆಳುವಾಗಿರುವುದರಿಂದ ಇನ್ನೂ ಸ್ವಲ್ಪ ಹೆಚ್ಚು ಬೇಕು.

ಇಷ್ಟು ಗಾಳಿಗೆ ಮೇಲೆ ಎರಡು ಫ್ಯಾನುಗಳು ಸಾಕು, ಆದರೆ ಒಳಬರುವ ರಂಧ್ರಗಳು ಸಾಕಷ್ಟಿರಬೇಕು. 3 ಮಿ.ಮೀ. ವ್ಯಾಸದ ರಂಧ್ರಗಳನ್ನು ಜೇನುಗೂಡಿನಂತೆ ಸಾಲು ತಪ್ಪಿಸಿ, ಕೇಂದ್ರದಿಂದ ಕೇಂದ್ರಕ್ಕೆ 4 ಮಿ.ಮೀ. ಅಂತರದಲ್ಲಿ ಕೊರೆದರೆ ತಗಡಿನ 51 ಪ್ರತಿಶತ ಭಾಗ ತೆರೆದಿರುತ್ತದೆ. ಅದೇ ರಂಧ್ರಗಳನ್ನು ಚೌಕಳಿಯಂತೆ ನೇರ ಸಾಲಿನಲ್ಲಿ ಕೊರೆದರೆ 44 ಪ್ರತಿಶತ ಮಾತ್ರ. ಮೇಲಿನ ಎರಡು ಫ್ಯಾನುಗಳ ಬಾಯಿ ಸೇರಿ ಸುಮಾರು 200 ಚದರ ಸೆಂ.ಮೀ. ಆಗುವುದರಿಂದ ಪಕ್ಕದ ಫಲಕಗಳಲ್ಲಿ ಒಟ್ಟು 400 ಚದರ ಸೆಂ.ಮೀ.ಗೆ ಕಡಿಮೆಯಾಗದಂತೆ ಜಾಲರಿ ಬರಬೇಕು. ಫಲಕದ ತುಂಬೆಲ್ಲ ರಂಧ್ರ ಕೊರೆಸುವ ಅಗತ್ಯವಿಲ್ಲ. ಕೂಲರಿನ ಎದುರು, ಕಾರ್ಡಿನ ಫ್ಯಾನುಗಳ ಎದುರು, ಎಸ್‌ಎಂಪಿಎಸ್ ಫ್ಯಾನಿನ ಎದುರು ಇದ್ದರೆ ಸಾಕು. 3 ಮಿ.ಮೀ. ರಂಧ್ರದಿಂದ ನಮ್ಮ ಮನೆಗಳಿಗೆ ಇನ್ನೊಂದು ಉಪಯೋಗವೂ ಇದೆ: ಬೆಚ್ಚಗಿನ ಜಾಗ ಹುಡುಕುವ ಹಲ್ಲಿಗಳು ಒಳಗೆ ನುಸುಳಲಾರವು.

ಗಾಳಿ ನಿಜವಾಗಿ ಎಲ್ಲಿ ಹೋಗುತ್ತಿದೆ ಎಂದು ತಿಳಿಯಲು ಊದುಬತ್ತಿಗಿಂತ ಒಳ್ಳೆಯ ಸಾಧನ ಬೇರೆ ಬೇಡ. ಕೋಣೆಯ ಸೀಲಿಂಗ್ ಫ್ಯಾನನ್ನು ನಿಲ್ಲಿಸಿ, ಯಂತ್ರಕ್ಕೆ ಭಾರದ ಕೆಲಸ ಕೊಟ್ಟು, ಹಚ್ಚಿದ ಬತ್ತಿಯನ್ನು ಜಾಲರಿಯಿಂದ ಒಂದು ಗೇಣು ದೂರದಲ್ಲಿ, ಬೂದಿ ಒಳಗೆ ಬೀಳದಂತೆ ಹಿಡಿಯಬೇಕು. ಹೊಗೆಯ ಎಳೆ ನೇರವಾಗಿ ಒಳಗೆ ಎಳೆಯಲ್ಪಟ್ಟರೆ ಸರಿ. ನನ್ನ ಎರಡನೆಯ ಕ್ಯಾಬಿನೆಟ್ಟಿನಲ್ಲಿ ಕೂಲರಿನ ಎದುರು ಎಳೆ ಒಳಗೆ ಹೋಗುವ ಬದಲು ಜಾಲರಿಯ ಅಂಚಿನಲ್ಲಿ ಸುರುಳಿ ಸುತ್ತುತ್ತಿತ್ತು. ಕೂಲರಿನಿಂದ ಹೊರಬಂದ ಬಿಸಿಗಾಳಿ ಆ 4 ಮಿ.ಮೀ. ಸಂದಿಯಲ್ಲಿ ಹಿಂದಿರುಗಿ ಮತ್ತೆ ಅದೇ ಫ್ಯಾನಿಗೆ ಸೇರುತ್ತಿತ್ತು. ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಕರಕುಶಲ ಕೆಲಸಕ್ಕೆಂದು ಮಾರುವ ಫೋಮ್ ಹಾಳೆಯಿಂದ ಕೂಲರಿನ ಬಾಯಿಯ ಅಳತೆಗೆ ಒಂದು ಬಳೆ ಕತ್ತರಿಸಿ ಫಲಕದ ಒಳಬದಿಗೆ ಅಂಟಿಸಿದೆ. ಸಂದಿ ಮುಚ್ಚಿತು, ಹೊಗೆ ನೇರವಾಯಿತು, ಫ್ಯಾನಿನ ಸದ್ದು ಕಿವಿಗೇ ತಿಳಿಯುವಷ್ಟು ತಗ್ಗಿತು.

ತಗಡಿನ ಕೆಲಸ

ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗಗಳಂತಹ ಕೈಗಾರಿಕಾ ಪ್ರದೇಶಗಳಲ್ಲಿ ಲೇಸರ್ ಕಟಿಂಗ್ ಮಾಡುವವರನ್ನು ವಿಚಾರಿಸಬಹುದು. 1.5 ಮಿ.ಮೀ. ಅಲ್ಯೂಮಿನಿಯಂ ಹಗುರ, ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಬೋರ್ಡಿನ ಸ್ಕ್ರೂ ತೂತುಗಳ ಸ್ಥಾನವನ್ನು ಅಳತೆಪಟ್ಟಿಯಿಂದ ಅಂದಾಜು ಮಾಡದೆ ಮಿನಿ ಐಟಿಎಕ್ಸ್‌ನ ಅಧಿಕೃತ ನಕ್ಷೆಯಿಂದಲೇ ತೆಗೆದುಕೊಳ್ಳಬೇಕು. ಬೋರ್ಡಿನ ಯುಎಸ್‌ಬಿ ಮೊದಲಾದ ಸಾಕೆಟ್ಟುಗಳು ಹೊರಕ್ಕೆ ಕಾಣುವ ಹಿಂಭಾಗದ ಐ/ಒ ಕಿಂಡಿ 158.75ಕ್ಕೆ 44.45 ಮಿ.ಮೀ. ಮಡಿಕೆಯ ಗೆರೆಗೆ ತೀರ ಹತ್ತಿರವಿರುವ ತೂತುಗಳು ಮಡಚುವಾಗ ಎಳೆದುಕೊಂಡು ಮೊಟ್ಟೆಯಾಕಾರಕ್ಕೆ ತಿರುಗುತ್ತವೆ, ಹಾಗಾಗಿ ಕನಿಷ್ಠ 5 ಮಿ.ಮೀ. ದೂರವಿಡುವುದು ಒಳ್ಳೆಯದು. ಪೌಡರ್ ಕೋಟಿಂಗ್ ಮಾಡಿಸುವಾಗ ಎಸ್‌ಎಂಪಿಎಸ್‌ನ ಸ್ಕ್ರೂಗಳು ಬರುವ ಜಾಗಕ್ಕೂ ಫಲಕಗಳು ಒಂದಕ್ಕೊಂದು ತಾಗುವ ಜಾಗಕ್ಕೂ ಬಣ್ಣ ಹತ್ತದಂತೆ ಟೇಪು ಹಚ್ಚಲು ಮರೆಯದೆ ಹೇಳಬೇಕು. ಆ ಬಣ್ಣ ವಿದ್ಯುತ್ತನ್ನು ಹರಿಯಗೊಡುವುದಿಲ್ಲವಾದ್ದರಿಂದ ಬರಿಯ ಲೋಹ ಲೋಹಕ್ಕೆ ತಾಗದಿದ್ದರೆ ಪೆಟ್ಟಿಗೆಗೆ ಅರ್ಥಿಂಗ್ ಸಿಗುವುದಿಲ್ಲ. ಪ್ಲಗ್ ಹಾಕುವ ಮೊದಲು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪವರ್ ಕೇಬಲ್ಲಿನ ಅರ್ಥ್ ಪಿನ್ನಿಗೂ ಇನ್ನೊಂದನ್ನು ಪ್ರತಿಯೊಂದು ಫಲಕದ ಬರಿ ಲೋಹಕ್ಕೂ ಮುಟ್ಟಿಸಿ ಬೀಪ್ ಸದ್ದು ಕೇಳಿಸಿಕೊಳ್ಳಬೇಕು.

ಜೋಡಿಸುವಾಗ ಬೋರ್ಡಿಗೆ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಕೂಲರ್ ಎಲ್ಲವನ್ನೂ ಪೆಟ್ಟಿಗೆಯ ಹೊರಗೇ ಕೂರಿಸಿ, ಒಮ್ಮೆ ಚಾಲೂ ಮಾಡಿ ನೋಡಿ, ಆಮೇಲೆ ಒಳಗಿಳಿಸಬೇಕು. ರೈಸರ್ ಕೇಬಲ್ಲನ್ನು ಬೋರ್ಡಿಗಿಂತ ಮೊದಲೇ ನಡುಗೋಡೆಗೆ ಬಿಗಿಯಬೇಕು. ಅನಂತರ ಬೋರ್ಡು, 8 ಪಿನ್ನಿನ ತಂತಿ, ಎಸ್‌ಎಂಪಿಎಸ್, 24 ಪಿನ್ನಿನ ತಂತಿ, ಕಡೆಯಲ್ಲಿ ಕಾರ್ಡು ಮತ್ತು ಮೇಲಿನ ಫ್ಯಾನುಗಳು. ಪವರ್ ಪ್ಲಗ್ಗನ್ನು ಸಿಕ್ಕಿಸಿದ ಮೇಲೆ ಅದರ ಅಂಚಿಗೂ ಸಾಕೆಟ್ಟಿಗೂ ನಡುವೆ ಬೆಳಕು ಕಾಣುತ್ತದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಮೊದಲ ವಾರ ಕಳೆದ ಮೇಲೆ ಕರೆಂಟು ತೆಗೆದು, ಪಕ್ಕದ ಫಲಕವನ್ನು ಬಿಚ್ಚಿ, ಅದೇ ಟಾರ್ಚಿನಿಂದ ಅದೇ ಜಾಗವನ್ನು ಮತ್ತೊಮ್ಮೆ ನೋಡಿ ಮುಚ್ಚಬೇಕು.